ರಾಕ್‌ವೆಲ್ ಬೋಲ್ಡ್ ಬೋರ್ಡಿನ ಮೇಲೆ ರಾಜ, ಪ್ಯಾಕೆಟ್ಟಿನ ಹಿಂದೆ ಕಾಟ. ಯಾಕೆ?

ಕಾಫಿಬೋರ್ಡ್ · ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಒಂದು ಕಾಫಿಪುಡಿ ಅಂಗಡಿಯ ಕೆಲಸ ಹಿಡಿದಿದ್ದೇನೆ. ಬೋರ್ಡು, ಪ್ಯಾಕೆಟ್ಟು, ಬಿಲ್ ಪುಸ್ತಕ ಎಲ್ಲಾ ನನ್ನ ತಲೆ ಮೇಲೇ ಇದೆ. ಮಾಲೀಕರು ಹಳೇ ಕಾಲದವರು. "ಗಟ್ಟಿಯಾಗಿ ಕಾಣಬೇಕು ಕಣಪ್ಪ, ಬಸ್ಸಲ್ಲಿ ಹೋಗೋರೂ ಓದೋ ಹಾಗಿರಬೇಕು" ಅಂದರು. ಇಂಗ್ಲಿಷ್ ಹೆಸರನ್ನು ರಾಕ್‌ವೆಲ್ ಬೋಲ್ಡ್ ಅನ್ನುವ ದಪ್ಪ ಫಾಂಟಿನಲ್ಲಿ ಹಾಕಿ ತೋರಿಸಿದೆ. ಒಂದೇ ಸಲಕ್ಕೆ ಒಪ್ಪಿಬಿಟ್ಟರು. ನನ್ನ ಹತ್ತು ವರ್ಷದ ಕಸುಬಿನಲ್ಲಿ ಹೀಗಾಗಿದ್ದು ಇದೇ ಮೊದಲು.

ಆಮೇಲೆ ಶುರುವಾಯ್ತು ನೋಡಿ. ಅದೇ ಫಾಂಟನ್ನು 500 ಗ್ರಾಂ ಪ್ಯಾಕೆಟ್ಟಿನ ಹಿಂದೆ 8 ಪಾಯಿಂಟಿನಲ್ಲಿ ಹಾಕಿದೆ. ಡಿಕಾಕ್ಷನ್ ಇಳಿಸುವ ಬಗೆ, ಚಿಕೋರಿ ಎಷ್ಟು, ಎಲ್ಲಿಡಬೇಕು, ಅಷ್ಟೇ. ಪ್ರೂಫ್ ಬಂತು. ಚಿಕ್ಕ ಎ, ಚಿಕ್ಕ ಇ, ಇವುಗಳ ಒಳಗಿನ ಕಿಂಡಿಗಳೆಲ್ಲ ಮುಚ್ಚಿಕೊಂಡು, ಬೆಲ್ಲಕ್ಕೆ ಮುತ್ತಿದ ಇರುವೆ ಸಾಲಿನ ಹಾಗೆ ಕಾಣ್ತಿದೆ. ಇದು ಫಾಂಟಿನ ತಪ್ಪಾ, ನನ್ನ ತಪ್ಪಾ, ಪ್ರೆಸ್ಸಿನವರ ತಪ್ಪಾ?

ಇನ್ನೊಂದು, ಪಕ್ಕದಲ್ಲಿ ಕನ್ನಡಕ್ಕೆ ಯಾವ ಫಾಂಟ್ ಹಾಕ್ತೀರಿ?

ಸುಮ್ನೆ_ಓದುಗ · 9:20

ನಿಮ್ಮ ತಪ್ಪು. ಮುಂದಿನ ಪ್ರಶ್ನೆ.

ಮೊಳೆಪೆಟ್ಟಿಗೆ · 9:41

ಮೇಲಿನವರು ಒರಟಾಗಿ ಹೇಳಿದರೂ ಸರಿಯಾಗೇ ಹೇಳಿದ್ದಾರೆ 🙂

ರಾಕ್‌ವೆಲ್ ಬೋಲ್ಡನ್ನು ಒಂದು ಸಲ ಪರದೆ ತುಂಬ ದೊಡ್ಡದು ಮಾಡಿ ನೋಡಿ. ಕಾಂಡ, ಅಂದ್ರೆ ಅಕ್ಷರದ ಮುಖ್ಯ ಗೆರೆ, ಎಷ್ಟು ದಪ್ಪವೋ ತುದಿಯಲ್ಲಿರುವ ಪಟ್ಟಿಯೂ (ಅದೇ ಸೆರಿಫ್) ಹೆಚ್ಚುಕಡಿಮೆ ಅಷ್ಟೇ ದಪ್ಪ. ಟೈಮ್ಸ್ ರೋಮನ್ ತರಹದ ಅಕ್ಷರದಲ್ಲಿ ಒಂದು ಗೆರೆ ದಪ್ಪ, ಇನ್ನೊಂದು ಸಣ್ಣ, ತುದಿಯ ಸೆರಿಫ್ ಗರಿಕೆ ಹುಲ್ಲಿನ ಹಾಗೆ. ಇಲ್ಲಿ ಹಾಗಲ್ಲ. ಎಲ್ಲವೂ ಒಂದೇ ತೊಲೆಯಿಂದ ಕೊಯ್ದ ಹಾಗೆ. ದೊಡ್ಡ ಓ ಸುಮಾರು ಪೂರ್ತಿ ವೃತ್ತ. ದೊಡ್ಡ ಎ ನೆತ್ತಿಯ ಮೇಲೂ ಒಂದು ಸಣ್ಣ ಹಲಗೆ ಕೂತಿದೆ, ಟೋಪಿ ಹಾಕಿದ ಹಾಗೆ. ರಾಕ್‌ವೆಲ್ ಗುರುತು ಹಿಡಿಯೋಕೆ ನಾನು ಮೊದಲು ನೋಡೋದು ಆ ಟೋಪಿಯನ್ನೇ.

ಇಷ್ಟೆಲ್ಲ ದಪ್ಪ ಒಂದೇ ಅಕ್ಷರದೊಳಗೆ ಕೂರಬೇಕಾದರೆ ಜಾಗ ಎಲ್ಲಿಂದ ಬರುತ್ತೆ? ಒಳಗಿನ ಕಿಂಡಿಯಿಂದಲೇ. ದೊಡ್ಡದಾಗಿದ್ದಾಗ ಆ ಕಿಂಡಿ ಸಾಕು. 8 ಪಾಯಿಂಟಿಗೆ ಇಳಿಸಿದಾಗ ಶಾಯಿ ಸ್ವಲ್ಪ ಹರಡಿದರೂ ಮುಚ್ಚಿಹೋಗುತ್ತೆ. ಅದೂ ಪ್ಯಾಕೆಟ್ಟಿನ ಪ್ಲಾಸ್ಟಿಕ್ ಮೇಲೆ! ಪ್ರೆಸ್ಸಿನವರನ್ನ ಬೈಬೇಡಿ ಪಾಪ.

ಹೀಗೆ ಸೆರಿಫ್ ದಪ್ಪ ಹಲಗೆಯ ಹಾಗಿರುವ ಅಕ್ಷರಕ್ಕೆ ಸ್ಲ್ಯಾಬ್ ಅಂತಾರೆ. ಈ ಜಾತಿ ಹುಟ್ಟಿದ್ದೇ ಕೂಗೋದಕ್ಕೆ. 19ನೇ ಶತಮಾನದ ಶುರುವಿನ ಲಂಡನ್ನು. ಲಾಟರಿ, ನಾಟಕ, ಹರಾಜು ಎಲ್ಲದರ ಜಾಹೀರಾತೂ ಗೋಡೆ ಮೇಲೆ. ಪಕ್ಕದವನ ಪೋಸ್ಟರಿಗಿಂತ ನನ್ನದು ಕಪ್ಪಗಿರಬೇಕು ಅನ್ನೋ ಪೈಪೋಟಿ. ವಿನ್ಸೆಂಟ್ ಫಿಗ್ಗಿನ್ಸ್ ಅನ್ನುವ ಅಚ್ಚುಮೊಳೆ ಎರಕದವನು ಇಂಥ ಅಕ್ಷರವನ್ನು 1815ರಲ್ಲಿ 'ಆಂಟಿಕ್' ಅಂತ ಮಾರಾಟಕ್ಕಿಟ್ಟ.

ಅಕ್ಷರದಂಗಡಿ · 9:58

1815 ಅಂತ ಹಳೇ ಪುಸ್ತಕಗಳಲ್ಲಿದೆ. ಆ ಮಾದರಿ ಪುಸ್ತಕದ ಮೇಲೆ 1815 ಅಂತ ಅಚ್ಚಾಗಿದ್ದರೂ ಅದು ಹೊರಬಂದಿದ್ದು 1817ರಲ್ಲಿ ಅಂತ ಈಗ ಹೇಳ್ತಾರೆ. ಎರಡು ವರ್ಷಕ್ಕೇನು ಅಂತ ಕೇಳಬೇಡಿ, ನಾವು ಇಂಥದ್ದಕ್ಕೇ ಬದುಕಿರೋದು.

ಆದರೆ ನಿಮ್ಮ ಮುಖ್ಯ ಮಾತನ್ನು ನಾನು ಒಪ್ಪಲ್ಲ. 'ಸ್ಲ್ಯಾಬ್ ಅಂದ್ರೆ ಕೂಗೋದಕ್ಕೆ, ಚಿಕ್ಕದಕ್ಕೆ ಆಗಲ್ಲ' ಅನ್ನೋದು ಅರ್ಧ ಸತ್ಯ. ಕ್ಲಾರೆಂಡನ್ ಅನ್ನುವ ಸ್ಲ್ಯಾಬನ್ನು ಏನು ಮಾಡ್ತೀರಿ? 1845ರಲ್ಲಿ ಲಂಡನ್ನಿನ ಫ್ಯಾನ್ ಸ್ಟ್ರೀಟ್ ಫೌಂಡ್ರಿಯಲ್ಲಿ ರಾಬರ್ಟ್ ಬೆಸ್ಲಿ ಅದನ್ನು ಹೊರತಂದ, ಅಚ್ಚು ಕೊರೆದವನು ಬೆಂಜಮಿನ್ ಫಾಕ್ಸ್. ಅದರ ಕೆಲಸ ಏನು ಗೊತ್ತಾ? ಡಿಕ್ಷನರಿಯಲ್ಲಿ ಪದವನ್ನು ಕಪ್ಪಗೆ ಎತ್ತಿ ತೋರಿಸೋದು. ಚಿಕ್ಕ ಸೈಜಿನಲ್ಲೇ, ಸಾದಾ ಅಕ್ಷರದ ಪಕ್ಕದಲ್ಲೇ, ಅದೇ ಸಾಲಿನಲ್ಲೇ. ಆಗ ಈಗಿನ ಹಾಗೆ ಒಂದು ಗುಂಡಿ ಒತ್ತಿದರೆ ಬೋಲ್ಡ್ ಆಗ್ತಿರಲಿಲ್ಲ. ಸಾದಾ ಅಕ್ಷರಕ್ಕೆ ಜೊತೆಗಾರ ಅಂತ ದಪ್ಪ ಅಕ್ಷರ ಮಾಡಿದ್ದರಲ್ಲಿ ಇದೇ ಮೊದಲಿನದು.

ಮೊಳೆಪೆಟ್ಟಿಗೆ · 10:04

ಸರ್, ಡಿಕ್ಷನರಿಯಲ್ಲಿ ಒಂದೊಂದೇ ಪದ. ಇವರು ಪ್ಯಾಕೆಟ್ಟಿನ ಹಿಂದೆ ಇಡೀ ಪುರಾಣವನ್ನೇ ಬೋಲ್ಡ್‌ನಲ್ಲಿ ಹಾಕಿದ್ದಾರೆ. ಊಟಕ್ಕೆ ಉಪ್ಪಿನಕಾಯಿ ಬಡಿಸೋದು ಬೇರೆ, ಉಪ್ಪಿನಕಾಯಿಯನ್ನೇ ಕಲಸಿಕೊಂಡು ಉಣ್ಣೋದು ಬೇರೆ.

ಅಕ್ಷರದಂಗಡಿ · 10:07

ಸರಿ, ಇದನ್ನ ಒಪ್ಪಿದೆ.

ಸುಮ್ನೆ_ಓದುಗ · 10:09

ಸ್ಲ್ಯಾಬ್ ಅಂತ ನೋಡಿ ಮನೆ ಕಟ್ಟೋರ ಚರ್ಚೆ ಅಂದ್ಕೊಂಡು ಒಳಗೆ ಬಂದೆ. ನಮ್ಮನೆ ಮೊದಲ ಮಹಡಿಗೆ ಸೆಂಟ್ರಿಂಗ್ ಬಿಚ್ಚೋದು ಯಾವಾಗ ಅಂತ ಯಾರಿಗಾದರೂ ಗೊತ್ತಾ?

ಪಿಕ್ಸೆಲ್_ಪದ್ಮ · 10:15

😂 ತಪ್ಪು ಜಾಗಕ್ಕೇನೂ ಬಂದಿಲ್ಲ ನೀವು. ಅದೂ ಹಲಗೆ, ಇದೂ ಹಲಗೆ.

ಕಾಫಿಬೋರ್ಡ್ ಅವರೇ, ಈ ಕುಟುಂಬದಲ್ಲಿ ಎರಡು ಮನೆತನ ಇದೆ, ಅದು ಗೊತ್ತಾದರೆ ನಿಮ್ಮ ಅರ್ಧ ಕೆಲಸ ಮುಗಿದ ಹಾಗೆ. ಒಂದರಲ್ಲಿ ಕಾಂಡ ಮತ್ತು ಪಟ್ಟಿ ಸೇರೋ ಮೂಲೆ ಚೌಕ, ಪೆಟ್ಟಿಗೆ ಮೂಲೆಯ ಹಾಗೆ. ರಾಕ್‌ವೆಲ್, ಮೆಂಫಿಸ್, ಸ್ಟೈಮಿ ಎಲ್ಲ ಆ ಮನೆಯವು. ಇನ್ನೊಂದರಲ್ಲಿ ಆ ಮೂಲೆಯಲ್ಲಿ ಸಣ್ಣ ತಿರುವು ಇರುತ್ತೆ, ಮರದ ಕೊಂಬೆ ಕಾಂಡಕ್ಕೆ ಸೇರೋ ಹಾಗೆ. ಅದು ಕ್ಲಾರೆಂಡನ್ ಮನೆ. ಸೋನಿ ಹೆಸರು ಬರೆದಿರೋದು ನೋಡಿ, ಅವರಿಗಾಗಿಯೇ ಬಿಡಿಸಿದ್ದು, ಆದರೆ ಕ್ಲಾರೆಂಡನ್ ಮನೆಯ ಕಳೆ ಎದ್ದು ಕಾಣುತ್ತೆ. ಮೊದಲನೆಯದು ಇಂಜಿನಿಯರ್ ಹಾಗೆ ಬಿಗಿ. ಎರಡನೆಯದಕ್ಕೆ ಸ್ವಲ್ಪ ಹೊಟ್ಟೆ ಬಂದಿದೆ, ಮಾತಾಡಿಸೋಣ ಅನ್ನಿಸುತ್ತೆ.

ಕಾಫಿಗೆ ನಾನಾದರೆ ಹೊಟ್ಟೆ ಬಂದವರನ್ನೇ ಕರೀತೀನಿ.

ಲಂಡನ್_ಕನ್ನಡಿಗ · 10:22

ಇಲ್ಲಿ ನೆನಪಿಗೆ ಬಂತು. ಲಂಡನ್ನಿನ ಡಾಕ್‌ಲ್ಯಾಂಡ್ಸ್ ಲೈಟ್ ರೈಲು 1987ರಲ್ಲಿ ಶುರುವಾದ ಹೊಸದರಲ್ಲಿ ಅವರ ಫಲಕಗಳಲ್ಲಿ ಇದೇ ರಾಕ್‌ವೆಲ್ ಬೋಲ್ಡ್ ಇತ್ತು. ಈಗ ಇಲ್ಲ, ಬದಲಾಗಿದೆ. ನಾನು ಬರುವಷ್ಟರಲ್ಲಿ ಹೋಗಿತ್ತು, ಫೋಟೋದಲ್ಲಷ್ಟೇ ನೋಡಿದ್ದು. ಆಗ ಹೊಸ ರೈಲು ಅಂದ್ರೆ ಭವಿಷ್ಯದ ರೈಲು. ಅದಕ್ಕೆ 1934ರ ಅಕ್ಷರ ಹಾಕಿದ್ದಾರೆ ನೋಡಿ, ಆದರೂ ಹಳತು ಅನ್ನಿಸಲ್ಲ.

ಅಕ್ಷರದಂಗಡಿ · 10:31

1934 ಅನ್ನೋದು ಮೊನೋಟೈಪ್ ಕಂಪನಿಯ ರಾಕ್‌ವೆಲ್ಲಿನದು. ಫ್ರಾಂಕ್ ಹಿನ್‌ಮನ್ ಪಿಯರ್‌ಪಾಂಟ್ ಉಸ್ತುವಾರಿಯಲ್ಲಿ ಆಗಿದ್ದು. ಆದರೆ ಅದರ ಬೇರು 1910ರ ಸುಮಾರಿನ ಅಮೆರಿಕದ 'ಲಿಥೋ ಆಂಟಿಕ್' ಅನ್ನುವ ಅಕ್ಷರದಲ್ಲಿದೆ. 1930ರ ಆಸುಪಾಸಿನಲ್ಲಿ ಎಲ್ಲರಿಗೂ ಸ್ಲ್ಯಾಬ್ ಹುಚ್ಚು ಹಿಡಿದಿತ್ತು. ಜರ್ಮನಿಯಲ್ಲಿ 1929ಕ್ಕೆ ಮೆಂಫಿಸ್ ಬಂತು, ಅಮೆರಿಕದಲ್ಲಿ 1931ಕ್ಕೆ ಸ್ಟೈಮಿ. ಫ್ಯೂಚುರಾದಂಥ, ಸೆರಿಫ್ ಇಲ್ಲದ ಜ್ಯಾಮಿತಿ ಅಕ್ಷರ ಜನಕ್ಕೆ ಹಿಡಿಸಿತ್ತು, ಅದೇ ಮೈಕಟ್ಟಿಗೆ ಬೂಟು ತೊಡಿಸಿದರೆ ಹೇಗೆ ಅಂತ ಎಲ್ಲ ಫೌಂಡ್ರಿಯವರಿಗೂ ಒಟ್ಟಿಗೇ ಹೊಳೆದಿರಬೇಕು.

ಒತ್ತಕ್ಷರ · 10:36

ಮೆಂಫಿಸ್ ಅಂದ್ರೆ ಈಜಿಪ್ಟಿನ ಊರು. ಕೈರೋ, ಕರ್ನಾಕ್ ಅಂತಲೂ ಫಾಂಟ್‌ಗಳಿವೆ. ಈ ಜಾತಿಗೇ 'ಈಜಿಪ್ಶಿಯನ್' ಅಂತ ಹೆಸರು. ಪಿರಮಿಡ್ಡಿನ ಕಲ್ಲಿನ ಮೇಲೆ ಇಂಥ ಅಕ್ಷರ ಇತ್ತಾ?

ಅಕ್ಷರದಂಗಡಿ · 10:44

ಏನೂ ಇಲ್ಲ. ನೆಪೋಲಿಯನ್ ದಂಡಯಾತ್ರೆ ಆದಮೇಲೆ ಯೂರೋಪಿನಲ್ಲಿ ಈಜಿಪ್ಟ್ ಅಂದ್ರೆ ಫ್ಯಾಷನ್. ಕುರ್ಚಿಗೂ ಈಜಿಪ್ಟ್, ಗೋಡೆಗೂ ಈಜಿಪ್ಟ್. ಅಕ್ಷರಕ್ಕೂ ಅಂಟಿಸಿದರು. ಮಜಾ ಏನಂದ್ರೆ 1816ರಲ್ಲಿ ಕ್ಯಾಸ್ಲನ್ ಫೌಂಡ್ರಿ 'ಈಜಿಪ್ಶಿಯನ್' ಅಂತ ಮಾರಿದ ಅಕ್ಷರಕ್ಕೆ ಸೆರಿಫ್ಫೇ ಇರಲಿಲ್ಲ! ಅದು ಅಚ್ಚಿನಲ್ಲಿ ಬಂದ ಮೊದಲ ಸಾನ್ಸ್, ಅಂದ್ರೆ ಸೆರಿಫ್ ಇಲ್ಲದ ಅಕ್ಷರ. ಆಮೇಲೆ ಹೆಸರು ಇತ್ತ ಜಾರಿ, ದಪ್ಪ ಸೆರಿಫ್ ಇರುವವರ ಪಾಲಾಯಿತು. ಮದುವೆ ಮನೆಯಲ್ಲಿ ಚಪ್ಪಲಿ ಅದಲುಬದಲಾದ ಹಾಗೆ.

ಗದಗ್_ಟ್ರೆಡಲ್ · 11:02

ನಮ್ಮಪ್ಪಂದು ಪ್ರೆಸ್ ಇತ್ತು. ಕಾಲಲ್ಲಿ ತುಳಿಯೋ ಎರಡು ಟ್ರೆಡಲ್ ಮಷೀನು, ಗೋಡೆ ತುಂಬ ಕೇಸುಗಳು. ಕನ್ನಡದ್ದೆಲ್ಲ ಸೀಸದ ಮೊಳೆ. ಆದರೆ ಕೆಳಗಿನ ಒಂದು ಕೇಸಿನಲ್ಲಿ ಇಂಗ್ಲಿಷ್ ಮರದ ಅಕ್ಷರ ಇದ್ದವು, ಹತ್ತು ಲೈನಿನವು. ಹತ್ತು ಲೈನ್ ಅಂದ್ರೆ ಸುಮಾರು 42 ಮಿಲಿಮೀಟರ್ ಎತ್ತರ. ಎಲ್ಲಿಂದ ಬಂದವೋ ಅಪ್ಪನಿಗೂ ಗೊತ್ತಿರಲಿಲ್ಲ, ಪ್ರೆಸ್ ಕೊಂಡಾಗ ಜೊತೆಗೇ ಬಂದಿದ್ದವು. ಆಗ ಅದಕ್ಕೆ ಸ್ಲ್ಯಾಬ್ ಅಂತ ಹೆಸರಿದೆ ಅಂತ ಯಾರಿಗೆ ಗೊತ್ತು? ನಾವು 'ಕುಸ್ತಿ ಟೈಪು' ಅಂತಿದ್ವಿ. ಕುಸ್ತಿ, ನಾಟಕ, ಸರ್ಕಸ್ಸಿನ ಪೋಸ್ಟರಿಗೆ ಅದೇ ಬೇಕು.

ಎಮ್ ಒಂದೇ ಒಂದು ಇತ್ತು. ಎರಡನೇದು ಬೇಕಾದಾಗ ಡಬ್ಲ್ಯೂ ತಲೆಕೆಳಗು ಮಾಡಿ ಇಡೋದು. ಕಾಲು ಅಗಲ ಚಾಚಿಕೊಂಡು ನಿಂತಿರ್ತಿತ್ತು, ಥೇಟ್ ಪೈಲ್ವಾನನ ಹಾಗೆ. ಒಬ್ಬರೂ ಕೇಳಲಿಲ್ಲ ನೋಡ್ರಿ, ಅಷ್ಟು ವರ್ಷದಾಗ!

ಒಂದು ಮಾತು ಮಾತ್ರ ಖರೆ. ಹುಡುಗರು ಶಾಯಿ ಜಾಸ್ತಿ ಹಚ್ಚಿದರೂ, ಕಾಗದ ಕಳಪೆ ಇದ್ದರೂ ಆ ಅಕ್ಷರ ಕೆಡ್ತಿರಲಿಲ್ಲ. ಪಕ್ಕದಲ್ಲೇ ಸಣ್ಣ ಗೆರೆಯ ಒಂದು ಚೆಂದದ ಟೈಪ್ ಇತ್ತು. ಅದರ ಗೆರೆಗಳೆಲ್ಲ ಮುರಿದು, ಅರ್ಧ ಅಕ್ಷರ ಕುಂಟಾಗಿದ್ದವು. ದಪ್ಪಂದು ಬಿದ್ದರೂ ಮೂಲೆ ಸವೀತಿತ್ತೇ ಹೊರತು ಮುರೀತಿರಲಿಲ್ಲ.

ಪಿಕ್ಸೆಲ್_ಪದ್ಮ · 11:06

ಈ ಪೋಸ್ಟಿಗೆ ಹತ್ತು ಲೈಕ್ ಕೊಡೋ ಗುಂಡಿ ಇಲ್ವಾ ಇಲ್ಲಿ?

ಪೈಲ್ವಾನ್ ಅನ್ನೋದಕ್ಕಿಂತ ಒಳ್ಳೆ ವಿವರಣೆ ನಾನು ಯಾವ ಡಿಸೈನ್ ಕ್ಲಾಸಿನಲ್ಲೂ ಕೇಳಿಲ್ಲ.

ರೌಟರ್_ರಾಜು · 11:19

ನಾನು ಬೋರ್ಡ್ ಮಾಡೋನು. ಅಕ್ರಿಲಿಕ್, ಎಸಿಪಿ (ಅಲ್ಯೂಮಿನಿಯಂ ಹಾಳೆ), ಎಲ್‌ಇಡಿ ಅಕ್ಷರ. ಇಲ್ಲಿ ಯಾರೂ ಹೇಳದೇ ಇರೋ ಒಂದು ವಿಷಯ ಹೇಳ್ತೀನಿ, ಕಾಫಿಬೋರ್ಡ್ ಅಣ್ಣ ಆರ್ಡರ್ ಕೊಡೋ ಮುಂಚೆ ಕೇಳಿಸ್ಕೊಳ್ಳಿ.

ನೀವು ಕಂಪ್ಯೂಟರಿನಲ್ಲಿ ರಾಕ್‌ವೆಲ್ಲಿನ ಚೌಕ ಮೂಲೆ ನೋಡಿ ಖುಷಿ ಪಡ್ತೀರಿ. ನನ್ನ ಹತ್ತಿರ ಬಂದಾಗ ಅದನ್ನ ಕಂಪ್ಯೂಟರ್ ನಡೆಸೋ ಸಿಎನ್‌ಸಿ ರೌಟರಿನಲ್ಲಿ ಕೊಯ್ತೀನಿ. ಅದರ ಕೊಯ್ಯೋ ಬಿಟ್ ದುಂಡಗೆ ಸುತ್ತುತ್ತೆ. 6 ಮಿಲಿಮೀಟರ್ ಬಿಟ್ ಹಾಕಿದರೆ ಕಾಂಡ ಮತ್ತು ಪಟ್ಟಿ ಸೇರೋ ಒಳಮೂಲೆಯಲ್ಲಿ 3 ಮಿಲಿಮೀಟರ್ ತಿರುವು ಉಳಿದೇ ಉಳಿಯುತ್ತೆ. ಬಿಟ್ಟಿಗೆ ಅಲ್ಲಿಗೆ ಹೋಗೋಕೇ ಆಗಲ್ಲ. ಹೊರಮೂಲೆ ಮಾತ್ರ ಚೂಪು ಬರುತ್ತೆ. ಅಂದ್ರೆ ನೀವು ರಾಕ್‌ವೆಲ್ ಕೊಟ್ಟಿರ್ತೀರಿ, ಗೋಡೆ ಮೇಲೆ ಅರ್ಧ ಕ್ಲಾರೆಂಡನ್ ನಿಂತಿರುತ್ತೆ.

ಒಂದಡಿ ಅಕ್ಷರದಲ್ಲಿ ಕಾಣಲ್ಲ. ನಾಲ್ಕು ಇಂಚಿನದರಲ್ಲಿ ಚೆನ್ನಾಗಿ ಕಾಣುತ್ತೆ. ಚೂಪು ಬೇಕಂದ್ರೆ ಲೇಸರ್‌ನಲ್ಲಿ ಕೊಯ್ಸಿ, ಇಲ್ಲಾಂದ್ರೆ ಸಣ್ಣ ಬಿಟ್ ಹಾಕಿಸಿ. ಟೈಮೂ ಜಾಸ್ತಿ, ದುಡ್ಡೂ ಜಾಸ್ತಿ. ಎಷ್ಟೋ ಡಿಸೈನರ್‌ಗಳು ಬಂದು ನನ್ನ ಮೇಲೆ ರೇಗ್ತಾರೆ, "ಫಾಂಟ್ ಚೇಂಜ್ ಮಾಡಿದ್ದೀಯ" ಅಂತ. ನಾನ್ಯಾಕೆ ಮಾಡಲಿ?

ಇನ್ನೊಂದು. ನಮಗೆ ಸ್ಲ್ಯಾಬ್ ಅಂದ್ರೆ ಇಷ್ಟ. ಒಳಗೆ ಎಲ್‌ಇಡಿ ಕೂರಿಸೋಕೆ ಜಾಗ ಸಿಗುತ್ತೆ. ಸಣ್ಣ ಗೆರೆ ಅಕ್ಷರ ತಂದು ಒಳಗೆ ಲೈಟ್ ಹಾಕು ಅಂದ್ರೆ ಎಲ್ಲಿ ಹಾಕೋದು ಹೇಳಿ?

ಮೊಳೆಪೆಟ್ಟಿಗೆ · 11:27

ರಾಜು ಅವರೇ, ನಿಮ್ಮ ಕಸುಬಿಗೆ ಸುಮಾರು ಇನ್ನೂರು ವರ್ಷ ಆಗಿದೆ ಗೊತ್ತಾ? ನ್ಯೂಯಾರ್ಕಿನ ಡೇರಿಯಸ್ ವೆಲ್ಸ್ ಮರದ ಅಕ್ಷರ ಕೊರೆಯೋಕೆ 1827ರಲ್ಲೇ ರೌಟರ್ ತಂದಿದ್ದ. 1828ಕ್ಕೆ ಅವನ ಮರದ ಅಕ್ಷರಗಳ ಕೆಟಲಾಗೂ ಬಂತು. ಅವರಿಗೂ ಇದೇ ಒಳಮೂಲೆ ಕಾಟ! ರೌಟರ್ ಹೋಗದ ಜಾಗವನ್ನು ಕೆಲಸದವರು ಕೂತು ಕೈಯಲ್ಲಿ ಕೊಯ್ದು ಚೂಪು ಮಾಡ್ತಿದ್ದರು.

ರೌಟರ್_ರಾಜು · 11:30

ಈಗ ಯಾರು ಕೂತು ಕೊಯ್ತಾರೆ ಸಾರ್, ಚದರಡಿ ಲೆಕ್ಕದಲ್ಲಿ ದುಡ್ಡು ಕೊಡೋವಾಗ.

ಕಾಫಿಬೋರ್ಡ್ · ಬೆಳಿಗ್ಗೆ 7:05

ರಾತ್ರಿ ಮಲಗಿ ಎದ್ದು ನೋಡಿದರೆ ಇಷ್ಟೆಲ್ಲ ನಡೆದಿದೆ. ರಾಜು ಅವರೇ, ನಿಮಗೆ ಒಂದು ಕಿಲೋ ಪುಡಿ ಬಾಕಿ ಇದೆ. ನಮ್ಮ ಬೋರ್ಡಿನಲ್ಲಿ ಇಂಗ್ಲಿಷ್ ಅಕ್ಷರ ಐದು ಇಂಚು ಮಾತ್ರ. ಕಾರಣ, ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿ ಪ್ರಕಾರ ಬೋರ್ಡಿನಲ್ಲಿ ನೂರಕ್ಕೆ 60 ಭಾಗ ಕನ್ನಡ, ಅದೂ ಮೇಲರ್ಧದಲ್ಲಿ. ಹಾಗಾಗಿ ಕನ್ನಡವೇ ದೊಡ್ಡದು. ನನ್ನ ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ ನೋಡಿ.

ಒತ್ತಕ್ಷರ · 7:40

ಬಂದೆ. ನನ್ನ ವಿಷಯ ಇದೇ.

ಮೊದಲು ಒಂದು ಮಾತು. ಕನ್ನಡಕ್ಕೆ ಸ್ಲ್ಯಾಬ್ ಹಚ್ಚಬೇಡಿ. ಕೆಲವರು ಬಿಡಿಸಿದ್ದನ್ನು ನೋಡಿದ್ದೇನೆ, ಕ ಅಕ್ಷರದ ಎಲ್ಲ ತುದಿಗೂ ಚೌಕ ಹಲಗೆ. ಸಂತೆಯಲ್ಲಿ ಗೂಟ ಹೊಡೆದ ಹಾಗಿತ್ತು. ಇಂಗ್ಲಿಷಿನ ಸೆರಿಫ್ ಗೆರೆಯ ತುದಿಯಲ್ಲಿ ಬರೋದು. ನಮ್ಮ ಅಕ್ಷರ ದುಂಡಗೆ ತಿರುಗಿಕೊಂಡು ಹೋಗುತ್ತೆ, ಅದಕ್ಕೆ ತುದಿಗಳೇ ಕಡಿಮೆ. ನಮ್ಮಲ್ಲಿ ಅಡ್ಡ ಹಲಗೆ ಅಂತ ಇರೋದು ತಲೆಕಟ್ಟು ಒಂದೇ, ಅದೂ ತಲೆ ಮೇಲೆ. ಇಂಗ್ಲಿಷಿನವರು ಬೂಟಿನಲ್ಲಿ ಭಾರ ಹೊರ್ತಾರೆ, ನಾವು ಪೇಟದಲ್ಲಿ.

ಹಾಗಾಗಿ ಆಕಾರ ಹೊಂದಿಸೋಕೆ ಹೋಗದೆ ಬಣ್ಣ ಹೊಂದಿಸಿ. ಬಣ್ಣ ಅಂದ್ರೆ ಕಣ್ಣು ಕಿರಿದು ಮಾಡಿ ನೋಡಿದಾಗ ಎರಡೂ ಸಾಲು ಎಷ್ಟು ಕಪ್ಪು ಅನ್ನೋದು. ಅನೆಕ್ ಕನ್ನಡ ಅನ್ನೋ ಫಾಂಟಿನಲ್ಲಿ ದಪ್ಪ, ಅಗಲ ಎರಡನ್ನೂ ಬೇಕಾದಷ್ಟು ಏರಿಸಿ ಇಳಿಸಬಹುದು, ಅದರಲ್ಲಿ ಹೊಂದಿಸೋದು ಸುಲಭ. 'ಬಾಲೂ ತಮ್ಮ' ಫಾಂಟ್ ಇನ್ನೂ ಗುಂಡಗೆ, ಮುದ್ದು, ಆದರೆ ರಾಕ್‌ವೆಲ್ ಪಕ್ಕ ಇಟ್ಟರೆ ಪೈಲ್ವಾನನ ಪಕ್ಕ ಮಿಠಾಯಿ ಅಂಗಡಿಯವನು ನಿಂತ ಹಾಗೆ. ಗೆರೆಯಲ್ಲಿ ದಪ್ಪ ಸಣ್ಣ ಬೇಕಂದ್ರೆ ನೋಟೋ ಸೆರಿಫ್ ಕನ್ನಡ, ಅದು ಕ್ಲಾರೆಂಡನ್ ಮನೆಯವರ ಜೊತೆ ಚೆನ್ನಾಗಿ ಹೊಂದುತ್ತೆ.

ಕನ್ನಡವನ್ನ ತೀರಾ ದಪ್ಪ ಮಾಡಿದರೂ ನಿಮ್ಮ ಪ್ಯಾಕೆಟ್ಟಿನ ಕಥೆಯೇ. ಕ್ಷ, ಝ, ಣ ಇವುಗಳ ಒಳಗೆ ಗಾಳಿ ಆಡಲ್ಲ. ಮತ್ತೆ ಒತ್ತು ಕೆಳಗೆ ಇಳಿಯುತ್ತೆ ಅನ್ನೋದು ನೆನಪಿಡಿ. ಕೆಳಗಿನ ಇಂಗ್ಲಿಷ್ ಸಾಲನ್ನು ಎರಡು ಬೆರಳು ಕೆಳಗೆ ತಳ್ಳಿ, ಇಲ್ಲಾಂದ್ರೆ ಒತ್ತು ಬಂದು ರಾಕ್‌ವೆಲ್ಲಿನ ಟೋಪಿ ಮೇಲೆ ಕೂರುತ್ತೆ.

ಸುಮ್ನೆ_ಓದುಗ · 7:52

ಬೂಟು, ಪೇಟ, ಟೋಪಿ, ಪೈಲ್ವಾನ್. ಇದು ಫಾಂಟ್ ಚರ್ಚೆನಾ, ದಸರಾ ಮೆರವಣಿಗೆನಾ?

ಪಿಕ್ಸೆಲ್_ಪದ್ಮ · 8:10

ಮೆರವಣಿಗೆಗೆ ಇನ್ನೊಬ್ಬರನ್ನ ಸೇರಿಸ್ತೀನಿ. ಟೈಪ್‌ರೈಟರ್ ಅಕ್ಷರ ಕೂಡ ಸ್ಲ್ಯಾಬೇ. ಕೊರಿಯರ್ ನೋಡಿ. ಐಬಿಎಂ ಟೈಪ್‌ರೈಟರಿಗೆ ಹೋವರ್ಡ್ ಕೆಟ್ಲರ್ ಮಾಡಿದ್ದು, 1950ರ ದಶಕದಲ್ಲಿ. ಅಲ್ಲಿ ಎಲ್ಲ ಅಕ್ಷರಕ್ಕೂ ಒಂದೇ ಅಗಲದ ಜಾಗ. ಎಮ್ ಹೇಗೋ ತುರುಕಿಕೊಳ್ಳುತ್ತೆ, ಬಡಪಾಯಿ ಚಿಕ್ಕ ಐ ಏನು ಮಾಡಬೇಕು? ಅದಕ್ಕೆ ಕೆಳಗೆ ಉದ್ದ ಪಟ್ಟಿ ಕೊಟ್ಟು ಜಾಗ ತುಂಬಿಸಿದ್ದಾರೆ. ಅಲ್ಲಿ ಸ್ಲ್ಯಾಬ್ ಕೂಗ್ತಿಲ್ಲ, ಸುಮ್ನೆ ಚಾಪೆ ಹಾಸಿ ಕೂತಿದೆ. ಹಾಗಾಗಿ ಎಲ್ಲ ಸ್ಲ್ಯಾಬೂ ಪೈಲ್ವಾನ್ ಅಲ್ಲ.

ಐಬಿಎಂ ಲೋಗೋ ಕೂಡ ಇದೇ ಬಳಗ. ಪಾಲ್ ರ‍್ಯಾಂಡ್ 1956ರಲ್ಲಿ 'ಸಿಟಿ' ಅನ್ನುವ ಚೌಕ ಸ್ಲ್ಯಾಬ್ ಇಟ್ಟುಕೊಂಡು ಮಾಡಿದ್ದು. ಎಂಟು ಪಟ್ಟೆ ಬಂದಿದ್ದು 1972ಕ್ಕೆ.

ಗದಗ್_ಟ್ರೆಡಲ್ · 8:31

ಕೌಬಾಯ್ ಪಿಚ್ಚರಿನ 'ಹಿಡಿದು ಕೊಟ್ಟವರಿಗೆ ಬಹುಮಾನ' ಪೋಸ್ಟರಿನ ಅಕ್ಷರವೂ ಇದೇ ಏನ್ರಿ? ಅದರಾಗ ತಲೆ, ಕಾಲು ದಪ್ಪ, ನಡುವೆ ಸಪೂರ.

ಅಕ್ಷರದಂಗಡಿ · 8:45

ಹೌದು, ಅದು ಫ್ರೆಂಚ್ ಕ್ಲಾರೆಂಡನ್. ಬೆಸ್ಲಿ ತನ್ನ ಕ್ಲಾರೆಂಡನ್ನನ್ನು ನೋಂದಾಯಿಸಿದ್ದ, ಆದರೆ ರಕ್ಷಣೆ ಸಿಕ್ಕಿದ್ದು ಮೂರೇ ವರ್ಷ. ಅದು ಮುಗಿದ ಕೂಡಲೇ ಎಲ್ಲರೂ ನಕಲು ಹೊಡೆದರು, ಎಳೆದರು, ಹಿಗ್ಗಿಸಿದರು, ತಲೆ ಕಾಲು ಊದಿಸಿದರು. ಬೆಸ್ಲಿ ಏನೂ ಕೆಡಲಿಲ್ಲ ಬಿಡಿ, ಮುಂದೆ ಲಂಡನ್ನಿನ ಲಾರ್ಡ್ ಮೇಯರ್ ಆದ.

ಕಾಫಿಬೋರ್ಡ್, ಅವನ ಹೆಸರಿನಲ್ಲೇ 'ಬೆಸ್ಲಿ' ಅಂತ ಒಂದು ಪುಕ್ಕಟೆ ಫಾಂಟ್ ಇದೆ, ಕ್ಲಾರೆಂಡನ್ ಮನೆಯದು. ಪ್ಯಾಕೆಟ್ಟಿನ ಹಿಂದೆ ಅದರ ಸಾದಾ ತೂಕ ಹಾಕಿ ನೋಡಿ. ರಾಕ್‌ವೆಲ್ ತರಹದ್ದೇ ಬೇಕು, ದುಡ್ಡು ಕೊಡಲ್ಲ ಅಂದ್ರೆ 'ರೊಕ್ಕಿಟ್' ಇದೆ.

ಗದಗ್_ಟ್ರೆಡಲ್ · 8:49

ಹೆಸರಿನಾಗ ರೊಕ್ಕ ಇಟ್ಕೊಂಡು ರೊಕ್ಕ ಕೇಳಲ್ವಾ? ಭಾಳ ದೊಡ್ಡ ಮನಸ್ಸು 😄

ಮೊಳೆಪೆಟ್ಟಿಗೆ · 9:15

ನನ್ನ ಲೆಕ್ಕದಲ್ಲಿ: ಬೋರ್ಡಿಗೆ ರಾಕ್‌ವೆಲ್ ಬೋಲ್ಡ್ ಇರಲಿ, ಅಕ್ಷರ ಅಕ್ಷರದ ನಡುವೆ ಸ್ವಲ್ಪ ಜಾಗ ಬಿಡಿ. ಸ್ಲ್ಯಾಬಿನ ಪಟ್ಟಿಗಳು ಅಕ್ಕಪಕ್ಕ ಬಂದರೆ ದೂರದಿಂದ ಕೈ ಕೈ ಹಿಡಿದ ಹಾಗೆ ಅಂಟಿಕೊಳ್ಳುತ್ತವೆ, ಬಸ್ಸಿನವರಿಗೆ ಗೊತ್ತಾಗಲ್ಲ. ಪ್ಯಾಕೆಟ್ಟಿನ ಮುಂದೆ ಹೆಸರು ಅದರಲ್ಲೇ. ಹಿಂದೆ ಮಾತ್ರ ಬೇರೆ ಏನಾದರೂ ಹಾಕಿ, ಇಡೀ ಪ್ಯಾರಾ ಬೋಲ್ಡ್ ಬೇಡವೇ ಬೇಡ.

ಒತ್ತಕ್ಷರ · 9:18

ಹಿಂದೆ ಕನ್ನಡದಲ್ಲಿ ಡಿಕಾಕ್ಷನ್ ವಿಧಾನ ಹಾಕಿದ್ದೀರಾ ಇಲ್ವಾ? ಕಾಫಿ ಕುಡಿಯೋರು ನಾವೇ ಅಲ್ವಾ.

ಸುಮ್ನೆ_ಓದುಗ · 9:22

ಚಿಕೋರಿ ಎಷ್ಟು ಹಾಕ್ತಾರೆ ಅವರು? ಜಾಸ್ತಿ ಹಾಕಿದ್ದರೆ ಅದನ್ನು ಮಾತ್ರ ಬೋಲ್ಡ್ 8 ಪಾಯಿಂಟಿನಲ್ಲೇ ಬಿಡೋಕೆ ಹೇಳಿ, ಯಾರಿಗೂ ಓದೋಕೆ ಬರಬಾರದು.

ರೌಟರ್_ರಾಜು · 9:30

20 ಭಾಗಕ್ಕಿಂತ ಜಾಸ್ತಿ ಚಿಕೋರಿ ಇದ್ದರೆ ಅದು ಕಾಫಿನೇ ಅಲ್ಲ.

ಗದಗ್_ಟ್ರೆಡಲ್ · 9:33

ನಾವು ಚಾ ಮಂದಿ, ನಮಗ ಈ ಜಗಳ ಬ್ಯಾಡ.

ಕಾಫಿಬೋರ್ಡ್ · ನಾಲ್ಕು ದಿನದ ನಂತರ, ಸಂಜೆ 6:20

ಎಲ್ಲರಿಗೂ ಥ್ಯಾಂಕ್ಸ್. ಪ್ಯಾಕೆಟ್ಟಿನ ಹಿಂದೆ ಈಗ ಬೆಸ್ಲಿ ಸಾದಾ, ಕನ್ನಡ ನೋಟೋ ಸೆರಿಫ್. ಓದೋಕೆ ಬರುತ್ತೆ. ಚಿಕೋರಿ 30 ಭಾಗ, ರಾಜು ಅವರು ಕ್ಷಮಿಸಬೇಕು. ಬೋರ್ಡಿಗೆ ಕನ್ನಡ ಅನೆಕ್, ಇಂಗ್ಲಿಷ್ ರಾಕ್‌ವೆಲ್ ಬೋಲ್ಡ್.

ಮೂಲೆ ವಿಷಯ ತೀರ್ಮಾನ ಮಾಡೋಕೆ ದೊಡ್ಡ ಆರ್ ಒಂದನ್ನು ಎರಡು ತರಹ ಕೊಯ್ಸಿ ತಂದೆ, ಒಂದು ಲೇಸರ್, ಒಂದು ರೌಟರ್. ಮಾಲೀಕರ ಮುಂದೆ ಇಟ್ಟೆ. ಕನ್ನಡಕ ಏರಿಸಿ, ಬೆರಳಿನಿಂದ ಮೂಲೆ ಸವರಿ ನೋಡಿದರು. ರೌಟರಿನದೇ ಇರಲಿ ಅಂದರು. "ಇದರ ಸಂದಿಯಲ್ಲಿ ಧೂಳು ಒರೆಸೋಕೆ ಬಟ್ಟೆ ಹೋಗುತ್ತೆ, ಅದರಲ್ಲಿ ಹೋಗಲ್ಲ."

ಲೇಸರಿನ ಆರ್ ಈಗ ಗಲ್ಲಾಪೆಟ್ಟಿಗೆ ಪಕ್ಕ ಬಿಲ್ಲುಗಳ ಮೇಲೆ ನಿಂತಿದೆ. ಫ್ಯಾನ್ ಹಾಕಿದರೂ ಬೀಳಲ್ಲ.

ರೌಟರ್_ರಾಜು · 6:41

ನನ್ನ ಒಂದು ಕಿಲೋ?